ನನ್ನ ಅನುಭವ: ಬ್ಯಾಟರಿ ತಿಂತಿದ್ದದ್ದು ಸ್ಕ್ರೀನ್ ಅಲ್ಲ, ಟವರ್

ನಾಲ್ಕು ವರ್ಷದ ಹಳೇ ಫೋನು, 5000 ಎಂಎಎಚ್, ಒಳಗಿರೋದು ಕಂಪನಿಯಿಂದ ಬಂದ ಅದೇ ಬ್ಯಾಟರಿ. ಹೋದ ಮಳೆಗಾಲದ ಶುರುವಲ್ಲಿ ಬೆಳಗ್ಗೆ 100 ಮಾಡ್ಕೊಂಡು ಹೊರಟ್ರೆ ಮಧ್ಯಾಹ್ನ ಮೂರೂವರೆಗೆ ಸತ್ತುಹೋಗ್ತಿತ್ತು, ಈಗ ಎರಡೂವರೆ ದಿನ ಬರ್ತಿದೆ, ಒಂದ್ಸಲ ಮೂರು ದಿನಾನೂ ಬಂತು. ಇದನ್ನ ಹೇಳಿದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ, ಬೆಂಗ್ಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ಭಾವ ಅಂತೂ ನಕ್ಕೇಬಿಟ್ರು. ಅದಕ್ಕೇ ಕೂತು ಬರೀತಿದ್ದೀನಿ.

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ, ಮೇನ್ ರೋಡಿಂದ ಒಳಗೆ. ಮನೆ ಗುಡ್ಡದ ಬುಡದಲ್ಲಿ, ಅಡಿಕೆ ತೋಟ ಇನ್ನೂ ಕೆಳಗೆ ಹೊಂಡದಲ್ಲಿ. ಮಳೆಗಾಲದಲ್ಲಿ ಮರ ಬಿತ್ತು ಅಂದ್ರೆ ಎರಡು ದಿನ, ಕೆಲವು ಸಲ ನಾಲ್ಕು ದಿನ ಕರೆಂಟ್ ಇಲ್ಲ. ಪೇಟೆಯವರಿಗೆ ಬ್ಯಾಟರಿ ಅಂದ್ರೆ ಸಂಜೆ ಆಫೀಸಿಂದ ಬರೋವರೆಗೆ ಬಂದ್ರೆ ಸಾಕು, ನಮ್ದು ಹಾಗಲ್ಲ ಮಾರಾಯ್ರೆ.

ಮೊದ್ಲು ದುಡ್ಡು ಕಳ್ಕೊಂಡ ಕಥೆ. ಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿಯವನು ಫೋನ್ ಕೈಗೆ ತಗೊಂಡ ತಕ್ಷಣ "ಬ್ಯಾಟರಿ ಡೌನ್ ಸಾರ್" ಅಂದ. ಚೆಕ್ ಮಾಡಿದ್ದೂ ಇಲ್ಲ ಎಂತದೂ ಇಲ್ಲ. ಬ್ಯಾಟರಿಗೆ 950, ಹಾಕಿದ್ದಕ್ಕೆ 200. ನಾಲ್ಕು ದಿನ ನೋಡಿದೆ, ಮೊದಲಿಗಿಂತ ಕಡೆ, ಎರಡೂವರೆಗೇ ಢಮಾರ್. ಅಕ್ಯುಬ್ಯಾಟರಿ ಅಂತ ಬ್ಯಾಟರಿ ಅಳೆಯೋ ಆ್ಯಪ್ ಹಾಕಿ ಐದಾರು ಚಾರ್ಜ್ ಲೆಕ್ಕ ತೆಗೆದ್ರೆ ಹೊಸ ಬ್ಯಾಟರಿ ತೋರಿಸ್ತಿರೋದು 3400 ಚಿಲ್ಲರೆ! ಮೇಲೆ ಸ್ಟಿಕ್ಕರ್ ಮಾತ್ರ 5000. ಪುಣ್ಯಕ್ಕೆ ಹಳೇದನ್ನ ಬಿಸಾಡೋಕೆ ಬಿಡದೆ ಜೇಬಿಗೆ ಹಾಕ್ಕೊಂಡು ಬಂದಿದ್ದೆ. ಹೇರ್ ಡ್ರೈಯರಲ್ಲಿ ಹಿಂದಿನ ಕವರ್ ಬಿಸಿ ಮಾಡಿ ನಾನೇ ತೆಗೆದು ಹಳೇದನ್ನೇ ವಾಪಸ್ ಕೂರಿಸಿದೆ, ಅದು 4200 ಹತ್ರ ತೋರಿಸ್ತು. ಅಂದ್ರೆ ಬ್ಯಾಟರಿಗೆ ವಯಸ್ಸಾಗಿದೆ ಹೊರತು ಸತ್ತಿಲ್ಲ. ಆದ್ರೆ ಎರಡು ಸಲ ಬಿಚ್ಚಿದ್ದಕ್ಕೆ ಗಮ್ ಹೋಯ್ತು, ಈಗ ಮಳೆ ಜೋರಾದ್ರೆ ಸ್ಪೀಕರ್ ಗರಗರ ಅನ್ನುತ್ತೆ.

ಆಮೇಲೆ 20000ದ ಪವರ್ ಬ್ಯಾಂಕು, 1700ಕ್ಕೆ. ನಾಲ್ಕು ಸಲ ಫುಲ್ ಆಗುತ್ತೆ ಅಂದ್ಕೊಂಡಿದ್ದೆ, ಎರಡೂವರೆ ಆಗುತ್ತೆ ಅಷ್ಟೆ. ಅದರ ಮೇಲೆ ಬರೆಯೋದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದಲ್ಲಿ, ಹೊರಗೆ ಬರೋದು 5 ವೋಲ್ಟಲ್ಲಿ, ನಡುವೆ ಬಿಸಿಯಾಗಿ ಹೋಗೋದು ಬೇರೆ. ಅದಿರ್ಲಿ, ಅದನ್ನ ತುಂಬಿಸೋಕೇ ಒಂದು ರಾತ್ರಿ ಬೇಕು, ಕರೆಂಟ್ ಬರೋದೇ ದಿನಕ್ಕೆ ಎರಡು ಗಂಟೆ ಅಂದ್ಮೇಲೆ ಪವರ್ ಬ್ಯಾಂಕೂ ನಮ್ಮ ಥರಾನೇ ಉಪವಾಸ.

ಸೆಟ್ಟಿಂಗ್ಸ್ ಎಲ್ಲ ನೀವು ಮಾಡಿರೋದನ್ನೇ ನಾನೂ ಮಾಡಿದ್ದೆ. ಬ್ರೈಟ್‌ನೆಸ್, ಲೊಕೇಶನ್, ಸಿಂಕ್, ಬ್ಯಾಟರಿ ಸೇವರ್, ಎಲ್ಲಾ ಸೇರಿ ಮುಕ್ಕಾಲು ಗಂಟೆ ಜಾಸ್ತಿ ಬಂದಿರಬಹುದು. ಲ್ಯಾಪ್‌ಟಾಪ್‌ಗೆ ಹಾಕಿ ಎಡಿಬಿಯಲ್ಲಿ (ಲ್ಯಾಪ್‌ಟಾಪಿಂದ ಫೋನಿಗೆ ಕಮಾಂಡ್ ಕೊಡೋ ಟೂಲ್) ಬೇಡದ ಆ್ಯಪ್ ಎಲ್ಲ ಕಿತ್ತೆ, ಹುಮ್ಮಸ್ಸು ಜಾಸ್ತಿಯಾಗಿ ಎಂತದನ್ನೋ ಕಿತ್ತು ಡಯಲರ್ರೇ ಮಾಯ ಆಗೋಯ್ತು. ವಾಪಸ್ ತರೋಕೆ ಗೊತ್ತಾಗ್ದೆ ರೀಸೆಟ್ ಹೊಡೆದೆ, ಬ್ಯಾಕಪ್ ಇಲ್ದೆ ಇದ್ದ ವಾಟ್ಸಾಪ್ ಎಲ್ಲ ಹೋಯ್ತು, ಅದರಲ್ಲಿ ಕೂಲಿ ಲೆಕ್ಕದ ಫೋಟೋನೂ ಇತ್ತು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡ್ಲಿಲ್ಲ. ಇಷ್ಟಾಗಿ ಸಿಕ್ಕ ಲಾಭ ಸೊನ್ನೆ.

ಗುಟ್ಟು ಬಯಲಾಗಿದ್ದು ಸ್ಟೀಲ್ ಡಬ್ಬಿಯಿಂದ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯೋ ಸಮಯ, ನಡುನಡುವೆ ಮಳೆ. ಮೈಲುತುತ್ತಿನ ನೀರೂ ಮಳೆ ನೀರೂ ಬೀಳಬಾರದು ಅಂತ ಫೋನನ್ನ ಹಳೇ ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಮರದ ಬುಡದಲ್ಲಿ ಇಟ್ಟಿದ್ದೆ. ಬೆಳಗ್ಗೆ 9ಕ್ಕೆ 90 ಏನೋ ಇತ್ತು, ಒಂದೂವರೆಗೆ ಊಟಕ್ಕೆ ಅಂತ ತೆಗೆದ್ರೆ 30. ಮುಟ್ಟಿದ್ರೆ ಬೆಚ್ಚಗಿದೆ! ಯಾರೂ ಮುಟ್ಟಿಲ್ಲ, ಸ್ಕ್ರೀನ್ ಆನೇ ಆಗಿಲ್ಲ. ಮಾರನೇ ದಿನ ಡಬ್ಬಿ ಬಿಟ್ಟು ಗೊಬ್ಬರದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟೆ, ಅದೇ ಮರ ಅದೇ ಹೊತ್ತು, 52ಕ್ಕೋ 53ಕ್ಕೋ ನಿಂತಿತ್ತು. ಆವಾಗ ತಲೆಗೆ ಹೊಡೀತು, ಡಬ್ಬಿಯೊಳಗೆ ಸಿಗ್ನಲ್ ಹೋಗಲ್ಲ, ಫೋನು ಟವರ್ ಎಲ್ಲಿ ಟವರ್ ಎಲ್ಲಿ ಅಂತ ಹುಡುಕಿ ಹುಡುಕಿ ಸಾಯ್ತಿದೆ. ಡಬ್ಬಿ ಇಲ್ದಿದ್ರೂ ನಮ್ಮ ತೋಟಾನೇ ಒಂದು ದೊಡ್ಡ ಡಬ್ಬಿ ಅಲ್ವಾ.

ಬ್ಯಾಟರಿ ಯೂಸೇಜ್ ತೆಗೆದು ನೋಡಿದ್ರೆ ಮೇಲಿನ ಸಾಲಲ್ಲೇ ಕೂತಿದೆ, ಮೊಬೈಲ್ ನೆಟ್‌ವರ್ಕ್ ಅಂತ. ಇಷ್ಟು ದಿನ ಅದು ಆ್ಯಪ್ ಅಲ್ವಲ್ಲ ಅಂತ ನೋಡದೆ ಬಿಟ್ಟಿದ್ದೆ, ಯೂಟ್ಯೂಬಿಗೂ ವಾಟ್ಸಾಪಿಗೂ ಬೈಕೊಂಡು.

ಅಲ್ಲಿಂದ ರಾತ್ರಿ ಪರೀಕ್ಷೆ ಶುರು ಮಾಡಿದೆ, ಯಾಕಂದ್ರೆ ರಾತ್ರಿ ಯಾರೂ ಫೋನ್ ಮುಟ್ಟಲ್ಲ, ಲೆಕ್ಕ ಶುದ್ಧ. ಹತ್ತು ಗಂಟೆಗೆ ಎಷ್ಟು, ಬೆಳಗ್ಗೆ ಆರಕ್ಕೆ ಎಷ್ಟು ಅಂತ ಕ್ಯಾಲೆಂಡರ್ ಹಿಂದೆ ಬರೆದಿದ್ದೆ, ಕ್ಯಾಲೆಂಡರ್ ಈಗ ಒಲೆ ಪಾಲಾಗಿದೆ, ನೆನಪಿಂದ ಹೇಳ್ತೀನಿ. ಎರಡೂ ಸಿಮ್ ಆನ್ ಇದ್ರೆ 17-18 ಪರ್ಸೆಂಟ್ ಹೋಗ್ತಿತ್ತು. ಸಿಗ್ನಲ್ ಕಡ್ಡಿ ಇಲ್ಲದ ಎರಡನೇ ಸಿಮ್ ಆಫ್ ಮಾಡಿದ್ರೆ 10-11. ಏರೋಪ್ಲೇನ್ ಮೋಡ್‌ಗೆ ಹಾಕಿದ್ರೆ 1, ಹೆಚ್ಚಂದ್ರೆ 2. ಇನ್ನೊಂದು ಮಜಾ ನೋಡಿ, ಒಂದು ಮದುವೆಗೆ ಅಂತ ಶಿವಮೊಗ್ಗಕ್ಕೆ ಹೋದಾಗ ನೆಂಟರ ಮನೆಯಲ್ಲಿ ಎರಡೂ ಸಿಮ್ ಆನ್ ಇಟ್ಟು ಮಲಗಿದ್ದೆ, ಬೆಳಗ್ಗೆ ಬರೀ 4 ಹೋಗಿತ್ತು. ಅದೇ ಫೋನು, ಅದೇ ಬ್ಯಾಟರಿ. ಭಾವನಿಗೆ ಇದನ್ನ ಹೇಳಿದ್ರೆ "ಕೋ-ಇನ್ಸಿಡೆನ್ಸ್" ಅಂದ್ರು.

ಎಬೌಟ್ ಫೋನಿಗೆ ಹೋಗಿ ಸಿಮ್ ಸ್ಟೇಟಸ್ ತೆಗೆದ್ರೆ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಅಳೆಯೋ ಲೆಕ್ಕ) ಅಂತ ಬರುತ್ತೆ, ಮೈನಸ್ಸಲ್ಲಿ, ಮೈನಸ್ ಮುಂದಿನ ನಂಬರ್ ಚಿಕ್ಕದಾದಷ್ಟೂ ಸಿಗ್ನಲ್ ಒಳ್ಳೇದು. ನಮ್ಮ ಜಗಲಿಯಲ್ಲಿ -116, ಅಡುಗೆಮನೆಯಲ್ಲಿ -121, ತೋಟದಲ್ಲಿ ಬರೋದೇ ಇಲ್ಲ. ಫೋನ್ ಹಿಡ್ಕೊಂಡು ಮನೆಯೆಲ್ಲ ಸುತ್ತಿದೆ, ನೋಡಿದವರು ವಾಸ್ತು ನೋಡ್ತಿದ್ದಾನೆ ಅಂದ್ಕೊಂಡಿರಬೇಕು. ಕೊನೆಗೆ ಕೊಟ್ಟಿಗೆ ಬಾಗಿಲಿನ ಮೇಲಿನ ಅಡ್ಡಪಟ್ಟಿ ಹತ್ರ -102 ಸಿಕ್ತು. ಅಲ್ಲೊಂದು ಮೊಳೆ ಹೊಡೆದು ಬಟ್ಟೆ ಚೀಲ ನೇತುಹಾಕಿದೆ, ಮನೆಯಲ್ಲಿದ್ದಾಗ ಫೋನ್ ಇರೋದು ಅಲ್ಲೇ, ದನಗಳ ಜೊತೆ. ಹಗಲು ಗಂಟೆಗೆ ಎರಡೂವರೆ ಪರ್ಸೆಂಟ್ ಹೋಗ್ತಿದ್ದದ್ದು ಒಂದಕ್ಕೆ ಇಳೀತು. ಖರ್ಚು ಒಂದು ಮೊಳೆ.

ತೋಟಕ್ಕೆ ಇಳಿಯೋವಾಗ ಏರೋಪ್ಲೇನ್ ಮೋಡ್. "ಹಾಗಾದ್ರೆ ಫೋನ್ ಯಾಕೆ ಒಯ್ಯೋದು" ಅಂತ ಎಲ್ಲರೂ ಕೇಳೋದೇ ಇದನ್ನ. ಅಲ್ಲಾರೀ, ಅಲ್ಲಿ ಹೆಂಗೂ ಕಾಲ್ ಬರಲ್ಲ, ಆನ್ ಇಟ್ರೂ ನಾಟ್ ರೀಚಬಲ್ಲೇ, ಆಫ್ ಇಟ್ರೂ ನಾಟ್ ರೀಚಬಲ್ಲೇ, ಆನ್ ಇಟ್ಟು ಬ್ಯಾಟರಿ ಸುಡೋದು ಯಾಕೆ? ಹಾಡು, ಫೋಟೋ, ಟಾರ್ಚ್ ಎಲ್ಲ ಆಗುತ್ತಲ್ಲ. ಇದನ್ನ ತನ್ನಷ್ಟಕ್ಕೇ ಆಗೋ ಹಾಗೆ ಮಾಡೋಣ ಅಂತ ಒಂದು ಆ್ಯಪ್ ಹಾಕಿ ಎರಡು ದಿನ ಒದ್ದಾಡಿದೆ, ಆಂಡ್ರಾಯ್ಡ್ 4.2 ಬಂದಾಗಿಂದ ರೂಟ್ (ಫೋನಿನ ಪೂರ್ತಿ ಅಧಿಕಾರ) ಇಲ್ದೆ ಮಾಮೂಲಿ ಆ್ಯಪ್‌ಗೆ ಏರೋಪ್ಲೇನ್ ಮೋಡ್ ಮುಟ್ಟೋಕೆ ಬಿಡಲ್ಲ ಅಂತ ಆಮೇಲೆ ಗೊತ್ತಾಯ್ತು. ಈಗ ತೋಟದ ದಣಪೆ ದಾಟೋವಾಗ ಕೈ ತಾನಾಗೇ ಒತ್ತುತ್ತೆ.

ದೊಡ್ಡ ಪೆಟ್ಟು ತಿಂದಿದ್ದು ನೆಟ್‌ವರ್ಕ್ ಲಾಕ್ ಮಾಡೋದ್ರಲ್ಲಿ. ಫೋನು 4ಜಿಯಿಂದ 2ಜಿಗೆ, ಮತ್ತೆ 4ಜಿಗೆ ಅಂತ ಓಲಾಡೋದ್ರಲ್ಲೂ ಚಾರ್ಜ್ ಹೋಗುತ್ತೆ ಅಂತ *#*#4636#*#* ಒತ್ತಿ ಎಲ್‌ಟಿಇ ಓನ್ಲಿ, ಅಂದ್ರೆ 4ಜಿ ಮಾತ್ರ, ಅಂತ ಹಾಕ್ಬಿಟ್ಟೆ. ಬ್ಯಾಟರಿ ಚೆನ್ನಾಗೇ ನಿಂತು ನಾನೂ ಖುಷಿಯಲ್ಲಿದ್ದೆ, ಎರಡು ದಿನ ಒಂದೇ ಒಂದು ಕಾಲ್ ಬಂದಿಲ್ಲ ಅನ್ನೋದೇ ಗಮನಕ್ಕೆ ಬರ್ಲಿಲ್ಲ. ರೀಸೆಟ್ ಹೊಡೆದಾಗ ಆ ಸಿಮ್ಮಿನ ವೋಲ್ಟಿ (4ಜಿಯಲ್ಲೇ ಕಾಲ್ ಮಾಡೋ ಸೌಲಭ್ಯ) ಆಫ್ ಆಗಿತ್ತು, ವೋಲ್ಟಿ ಇಲ್ದೆ 4ಜಿ ಮಾತ್ರ ಇಟ್ರೆ ಕಾಲ್ ಬರೋಕೆ ದಾರಿಯೇ ಇಲ್ಲ. ಆ ಎರಡು ದಿನದಲ್ಲೇ ಮಂಡಿಯಿಂದ ಕಾಲ್ ಮಾಡಿದ್ರಂತೆ, ರಾಶಿ ಅಡಿಕೆಗೆ ರೇಟ್ ಬಂದಿದೆ ಕೊಡ್ತೀರಾ ಅಂತ. ನಾನು ಹೋಗೋಷ್ಟೊತ್ತಿಗೆ ಕ್ವಿಂಟಾಲಿಗೆ 600-700 ಬಿದ್ದಿತ್ತು, ನನ್ನದು ಐದು ಕ್ವಿಂಟಾಲ್, ಲೆಕ್ಕ ನೀವೇ ಹಾಕ್ಕೊಳ್ಳಿ. ಆ ದುಡ್ಡಿಗೆ ಎರಡು ಪವರ್ ಬ್ಯಾಂಕ್ ಬರ್ತಿತ್ತು. ಅದಕ್ಕೇ ಹೇಳೋದು, ಲಾಕ್ ಮಾಡೋ ಮೊದ್ಲು ವೋಲ್ಟಿ ಆನ್ ಇದ್ಯಾ ನೋಡಿ, ಮನೆಯವರ ಫೋನಿಂದ ಒಂದು ಕಾಲ್ ಮಾಡಿ ನೋಡಿ.

ಎರಡನೇ ದೊಡ್ಡ ಲಾಭ ವೈಫೈ ಕಾಲಿಂಗ್. ಮನೆಗೆ ಫೈಬರ್ ಬಂದು ಒಂದು ವರ್ಷ ಆಗಿತ್ತು, ಈ ಸೆಟ್ಟಿಂಗ್ ಇದೆ ಅಂತಾನೇ ಗೊತ್ತಿರ್ಲಿಲ್ಲ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ ಬಿಟ್ರೆ ಮಾಮೂಲಿ ನಂಬರಿಗೇ ಕಾಲ್ ಬರುತ್ತೆ ಹೋಗುತ್ತೆ, ರಾತ್ರಿಯೆಲ್ಲ ಸೇರಿ 3 ಪರ್ಸೆಂಟ್. ರೂಟರಿಗೆ 1300 ಕೊಟ್ಟು 12 ವೋಲ್ಟಿನ ಮಿನಿ ಯುಪಿಎಸ್ ತಂದೆ, ಕರೆಂಟ್ ಹೋದ್ಮೇಲೆ ಮೂರು ಮೂರೂವರೆ ಗಂಟೆ ಎಳೆಯುತ್ತೆ. ಮಾಡಿದ ಖರ್ಚಲ್ಲೆಲ್ಲ ಬೇಜಾರಾಗದೆ ಇರೋದು ಇದೊಂದೇ. ಮರ ಬಿದ್ದು ಫೈಬರ್ರೇ ಕಡಿದ್ರೆ ಮಾತ್ರ ಮತ್ತೆ ಕೊಟ್ಟಿಗೆ ಮೊಳೆಯೇ ಗತಿ.

ನಡುವೆ ಸುಮಾರು ಹುಚ್ಚಾಟನೂ ಆಯ್ತು. ಡಾರ್ಕ್ ಮೋಡ್ ಒಂದು ವಾರ ಹಾಕಿದೆ, ಒಂದು ವಾರ ತೆಗೆದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಯಾಕಂದ್ರೆ ನನ್ನದು ಎಲ್‌ಸಿಡಿ, ಕಪ್ಪು ತೋರಿಸೋವಾಗ್ಲೂ ಹಿಂದಿನ ಲೈಟ್ ಉರೀತಾನೇ ಇರುತ್ತೆ. ಮಗಳದ್ದು ಅಮೋಲೆಡ್, ಅವಳ ಫೋನಲ್ಲಿ ಬ್ರೈಟ್‌ನೆಸ್ ಜಾಸ್ತಿ ಇಟ್ರೆ ಗೊತ್ತಾಗುತ್ತೆ, ಕಮ್ಮಿ ಇಟ್ರೆ ಅಷ್ಟೇನಿಲ್ಲ. ಪಕ್ಕದ ಮನೆಯವರು ಹೇಳಿದ್ರು ಅಂತ ಆ ಡುಪ್ಲಿಕೇಟ್ ಬ್ಯಾಟರೀನ ಫ್ರಿಜ್ಜಲ್ಲೂ ಇಟ್ಟು ನೋಡಿದೆ, ಹೊರಗೆ ತೆಗೆದ ತಕ್ಷಣ ಬೆವರಿ ನೀರು ನೀರು, ಹೆದರಿ ಆಚೆ ಇಟ್ಟೆ, ಆ ಕೆಲಸ ಯಾರೂ ಮಾಡ್ಬೇಡಿ. ಇನ್ನು 20ರಿಂದ 80ರ ಒಳಗೇ ಇಡಿ ಅಂತ ಎಲ್ರೂ ಹೇಳ್ತಾರಲ್ಲ, ಅದು ಬ್ಯಾಟರಿ ಆಯಸ್ಸಿಗೆ ಒಳ್ಳೇದು ಹೌದು, ಆದ್ರೆ ನಮಗೆ ದಿನಕ್ಕೆ ಸಿಗೋದೇ 60 ಆಯ್ತಲ್ಲ. ನಾನು ಬೇಸಿಗೆಯಲ್ಲಿ 80ಕ್ಕೆ ನಿಲ್ಲಿಸ್ತೀನಿ, ಮಳೆಗಾಲದಲ್ಲಿ ಕರೆಂಟ್ ಇದ್ದಾಗ 100 ತುಂಬಿಸಿಬಿಡ್ತೀನಿ. ಆಯಸ್ಸು ನೋಡ್ಕೊಂಡು ಕತ್ತಲಲ್ಲಿ ಕೂರೋಕಾಗುತ್ತಾ.

ಎರಡೂವರೆ ದಿನದಿಂದ ಮೂರು ದಿನಕ್ಕೆ ಎಳೆದಿದ್ದು ಬ್ಯಾಂಡ್, ಅಂದ್ರೆ ಟವರಿನ ಸಿಗ್ನಲ್ ಬರೋ ಫ್ರೀಕ್ವೆನ್ಸಿ, ಆರಿಸ್ಕೊಂಡು. 2300 ಮೆಗಾಹರ್ಟ್ಸಿಂದು ನಮ್ಮ ಗುಡ್ಡ ಸುತ್ತಿ ಬರೋದು ಕಷ್ಟ, 850ರದ್ದು ಬರುತ್ತೆ, ಫೋನು ಮಾತ್ರ ಪದೇ ಪದೇ 2300ರ ಕಡೆಗೇ ಬಾಯಿ ಬಿಡ್ತಿತ್ತು. ಅದನ್ನ 850ಕ್ಕೆ ಹೆಂಗೆ ಕಟ್ಟಿಹಾಕಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಒಂದೊಂದು ಫೋನಿಗೆ ಒಂದೊಂದು ದಾರಿ, ತಪ್ಪಿದ್ರೆ ನೆಟ್‌ವರ್ಕೇ ಹೋಗುತ್ತೆ, ಮೇಲಾಗಿ ನಾನೂ ಮೂರು ತಿಂಗಳು ಒದ್ದಾಡಿ ಕಲ್ತಿದ್ದು. ಚೀಲದಲ್ಲಿ ಫೋನ್ ಯಾವ ಮಗ್ಗುಲಿಗೆ ನಿಲ್ಲಿಸ್ತೀನಿ ಅನ್ನೋದೂ ಇದೆ, ಅದೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಭಾವ ದೀಪಾವಳಿಗೆ ಬಂದಾಗ ಅವರ ಮೂವತ್ತೈದು ಸಾವಿರದ 5ಜಿ ಫೋನು ನಮ್ಮ ಜಗಲಿಯಲ್ಲಿ ಸಂಜೆ ಐದಕ್ಕೆ 9 ಪರ್ಸೆಂಟಲ್ಲಿತ್ತು, ನನ್ನದು ಚಾರ್ಜಿಗೆ ಹಾಕಿ ಎರಡನೇ ದಿನ, 41. ಏನೂ ಮಾತಾಡ್ಲಿಲ್ಲ ಅವರು. ರಾತ್ರಿ ಊಟ ಆದ್ಮೇಲೆ ನೋಡ್ತೀನಿ, ಕೊಟ್ಟಿಗೆ ಚೀಲದಲ್ಲಿ ನನ್ನ ಫೋನಿನ ಪಕ್ಕ ಇನ್ನೊಂದು ಫೋನ್ ಇದೆ.