ಸಂಜೆ ಐದೂವರೆಗೆ ನಿಲ್ಲುತ್ತಿದ್ದ ಗಾಡಿ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆ ನಮ್ಮದೊಂದು ಬಿಡಿಭಾಗಗಳ ಗೋದಾಮು. ಡ್ರೈವರ್ ಇಲ್ಲದ ಎಜಿವಿ ಗಾಡಿಗಳು ನೆಲಕ್ಕೆ ಅಂಟಿಸಿದ ಮ್ಯಾಗ್ನೆಟಿಕ್ ಟೇಪ್ ಹಿಡಿದು ಪ್ಯಾಲೆಟ್ ಸಾಗಿಸುತ್ತವೆ. ಡಿಸೆಂಬರ್‌ನಲ್ಲಿ ಒಂದೇ ಗೋಳು. ಸಂಜೆ ಐದೂವರೆ ಹೊತ್ತಿಗೆ ಪಶ್ಚಿಮದ ಬಾಗಿಲ ಹತ್ತಿರ ಗಾಡಿ ತಟ್ಟನೆ ನಿಲ್ಲುತ್ತಿತ್ತು. ಎದುರಿಗೆ ಏನೂ ಇಲ್ಲ!

ಮೊದಲು ಟೇಪ್ ಮೇಲೆ ಅನುಮಾನ. ಫೋರ್ಕ್‌ಲಿಫ್ಟ್ ಚಕ್ರ ಹತ್ತಿ ಅಂಚು ಎದ್ದಿತ್ತು, ಬದಲಿಸಿದೆ. ಎದುರಿಗೆ ಅಡ್ಡ ಇದ್ದದ್ದನ್ನು ನೋಡಿ ಗಾಡಿ ನಿಲ್ಲಿಸುವ ಸ್ಕ್ಯಾನರ್‌ನ ಗಾಜು ಒರೆಸಿದೆ. ಪ್ರಯೋಜನ ಆಗಲಿಲ್ಲ.

"ಅಣ್ಣಾ, ಸ್ಕ್ಯಾನರ್ ನೋಡೋ ದೂರ ಕಮ್ಮಿ ಮಾಡಿಬಿಡೋಣ" ಅಂದ ಜೊತೆಯ ಹುಡುಗ. ಖಂಡಿತ ಬೇಡ ಅಂದೆ. ಆ ದೂರ ಇರುವುದೇ ನಮ್ಮವರ ಕಾಲು ಉಳಿಸೋದಕ್ಕೆ. ಅದನ್ನು ಸುಮ್ನೆ ಮುಟ್ಟಬಾರದು.

ಗಾಡಿ ನಿಂತ ಸಮಯವನ್ನೆಲ್ಲ ಬರೆದಿಟ್ಟೆ. ಮೋಡ ಕವಿದ ದಿನ ಒಮ್ಮೆಯೂ ನಿಂತಿರಲಿಲ್ಲ. ಮರುದಿನ ಅದೇ ಹೊತ್ತಿಗೆ ಗಾಡಿಯ ಪಕ್ಕ ಮೊಣಕಾಲೂರಿ ಕೂತೆ. ಇಳಿಬಿಸಿಲು ನೆಲ ಸವರಿಕೊಂಡು ಬಂದು ಸ್ಕ್ಯಾನರ್‌ನ ಕಪ್ಪು ಗಾಜಿಗೆ ನೇರ ಹೊಡೆಯುತ್ತಿತ್ತು. ನನ್ನ ಕಣ್ಣೂ ಕುಕ್ಕಿತು.

ಸ್ಕ್ಯಾನರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಬಿಡುತ್ತದೆ, ಬೆಳಕು ತಿರುಗಿ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ, ಅಲ್ವಾ? ಸರಿಯಾಗಿ ಕಾಣದಿದ್ದರೆ ನಿಲ್ಲಬೇಕು ಅನ್ನುವುದು ಅದರ ಸುರಕ್ಷತೆಯ ನಿಯಮ. ಗಾಡಿ ಮಾಡಿದ್ದು ಸರಿಯೇ.

ಬಾಗಿಲಿಗೆ ದಪ್ಪ ಟಾರ್ಪಾಲ್ ಪರದೆ ಕಟ್ಟಿಸಿದೆವು. ಲಾರಿ ಇಲ್ಲದಾಗ ನಾಲ್ಕೂವರೆಗೇ ಇಳಿಸುತ್ತೇವೆ. ಲಾರಿ ನಿಂತಿದ್ದರೆ ಅದರದ್ದೇ ನೆರಳು ಸಾಕು. ಮೂರು ವಾರವಾಯಿತು, ಆ ಜಾಗದಲ್ಲಿ ಗಾಡಿ ಒಮ್ಮೆಯೂ ನಿಂತಿಲ್ಲ.