ಮನೆಯ ಸರ್ವರ್ ಕೋಣೆ: ವಿದ್ಯುತ್ತಿಗೂ ಶಾಖಕ್ಕೂ ಒಂದೇ ಲೆಕ್ಕ

ಸರ್ವರ್, ಅಂದರೆ ಇತರ ಸಾಧನಗಳಿಗೆ ಸೇವೆ ಕೊಡುತ್ತಾ ಸದಾ ಆನ್ ಇರುವ ಕಂಪ್ಯೂಟರ್, ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಯಂತ್ರಗಳು 400 ವ್ಯಾಟ್ ಬಳಸುತ್ತಿದ್ದರೆ ಆ ಕೋಣೆಯಲ್ಲಿ 400 ವ್ಯಾಟ್‌ನ ಹೀಟರ್ ಹಗಲಿರುಳು ಉರಿಯುತ್ತಿದೆ ಎಂದೇ ಅರ್ಥ. ಹಾಗಾಗಿ ನನ್ನ ಪುಟ್ಟ ಸರ್ವರ್ ಕೋಣೆಯನ್ನು ಸಜ್ಜುಗೊಳಿಸುವಾಗ ನಾನು ವಿದ್ಯುತ್ತನ್ನೂ ತಂಪನ್ನೂ ಬೇರೆ ಬೇರೆ ಕೆಲಸಗಳೆಂದು ನೋಡಲಿಲ್ಲ. ಎಷ್ಟು ಒಳಗೆ ಬರುತ್ತದೆ, ಅಷ್ಟೂ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟೆ.

ಮೊದಲು ಕೊಂಡದ್ದು ಸಾಕೆಟ್‌ಗೆ ಚುಚ್ಚಿ ಬಳಕೆ ಅಳೆಯುವ ಸಣ್ಣ ಮೀಟರ್. ಪವರ್ ಸಪ್ಲೈ ಮೇಲೆ 750 ವ್ಯಾಟ್ ಎಂದು ಬರೆದಿರುವುದು ಅದು ಕೊಡಬಲ್ಲ ಗರಿಷ್ಠ ಶಕ್ತಿಯೇ ಹೊರತು ದಿನನಿತ್ಯದ ಬಳಕೆಯಲ್ಲ. ಸುಮ್ಮನಿರುವಾಗ, ಕೆಲಸ ಮಾಡುವಾಗ, ಆನ್ ಆಗುವ ಗಳಿಗೆಯಲ್ಲಿ ಎಂದು ಮೂರು ಸ್ಥಿತಿಗಳಲ್ಲಿ ಪ್ರತಿ ಯಂತ್ರವನ್ನೂ ಅಳೆದು ಬರೆದುಕೊಂಡೆ. ಮೂರನೆಯದನ್ನು ಬಿಡಬಾರದು. 3.5 ಇಂಚಿನ ಹಾರ್ಡ್ ಡಿಸ್ಕ್ ಸುಮ್ಮನೆ ತಿರುಗುವಾಗ ಕೆಲವೇ ವ್ಯಾಟ್ ಬಳಸಿದರೂ ತಿರುಗಲು ಆರಂಭಿಸುವಾಗ ಅದರ ಹಲವು ಪಟ್ಟು ಕೇಳುತ್ತದೆ. ಡಿಸ್ಕ್‌ಗಳು ಒಂದರ ನಂತರ ಒಂದು ಏಳುವಂತೆ ಕಂಟ್ರೋಲರ್‌ನಲ್ಲಿ ಹೊಂದಿಸಿದೆ.

ಆಮೇಲೆ ಕಡಿತ. ನಿರಂತರವಾಗಿ ಉರಿಯುವ 100 ವ್ಯಾಟ್ ಒಂದು ವರ್ಷಕ್ಕೆ 876 ಯೂನಿಟ್ ಆಗುತ್ತದೆ. ಈ ಅಂಕಿಯನ್ನು ಕಣ್ಣೆದುರು ಇಟ್ಟುಕೊಂಡರೆ ಹಳೆಯ ಸರ್ವರ್‌ಗಳ ಮೇಲಿನ ಮೋಹ ತಾನಾಗಿ ಕಡಿಮೆಯಾಗುತ್ತದೆ. ಹಳೆಯ ಯಂತ್ರಗಳ ಕೆಲಸವನ್ನು ವರ್ಚುವಲ್ ಯಂತ್ರಗಳಾಗಿ (ತಂತ್ರಾಂಶದಲ್ಲೇ ನಡೆಯುವ ಕಂಪ್ಯೂಟರ್‌ಗಳಾಗಿ) ಒಂದೇ ಹೊಸ ಪೆಟ್ಟಿಗೆಗೆ ಸೇರಿಸಿದೆ. ಹಲವು ಸಣ್ಣ ಡಿಸ್ಕ್‌ಗಳ ಜಾಗಕ್ಕೆ ಕೆಲವೇ ದೊಡ್ಡ ಡಿಸ್ಕ್‌ಗಳು ಬಂದವು. ಇಲ್ಲಿ ಉಳಿಸಿದ ಪ್ರತಿ ವ್ಯಾಟ್ ಎರಡು ಸಲ ಉಳಿಯುತ್ತದೆ, ಏಕೆಂದರೆ ಅದನ್ನು ಹೊರಹಾಕುವ ಶ್ರಮವೂ ತಪ್ಪುತ್ತದೆ.

ವೈರಿಂಗ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಅವರನ್ನೇ ಕರೆಸಿದೆ. ಕೋಣೆಗೆ ಪ್ರತ್ಯೇಕ ಲೈನ್, ಅದಕ್ಕೊಂದು ಎಂಸಿಬಿ (ಹೊರೆ ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್), ಅಳೆದು ಖಚಿತಪಡಿಸಿಕೊಂಡ ಅರ್ಥಿಂಗ್. ಕಂಪ್ಯೂಟರಿನ ಪ್ರತಿ ಪವರ್ ಸಪ್ಲೈಯಿಂದಲೂ ಅರ್ಥ್ ತಂತಿಗೆ ಅತ್ಯಲ್ಪ ವಿದ್ಯುತ್ ಸೋರುತ್ತದೆ. ಹತ್ತಾರು ಉಪಕರಣಗಳ ಸೋರಿಕೆ ಕೂಡಿದರೆ 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ (ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಸ್ವಿಚ್) ಕಾರಣವಿಲ್ಲದೆ ಬಿದ್ದಂತೆ ಕಾಣಬಹುದು. ಆಗ ರಕ್ಷಕವನ್ನು ತೆಗೆಯುವುದು ಪರಿಹಾರವೇ ಅಲ್ಲ; ಹೊರೆಯನ್ನು ಬೇರೆ ಬೇರೆ ಲೈನ್‌ಗಳಿಗೆ ಹಂಚಬೇಕು. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸುವುದನ್ನಂತೂ ನನ್ನ ಕೋಣೆಯಲ್ಲಿ ಯಾರಿಗೂ ಬಿಡುವುದಿಲ್ಲ.

ಯುಪಿಎಸ್ ಆರಿಸುವಾಗ ವಿಎ (ವೋಲ್ಟ್-ಆಂಪಿಯರ್) ಸಂಖ್ಯೆಯನ್ನು ಬದಿಗಿಟ್ಟು ವ್ಯಾಟ್ ಸಂಖ್ಯೆಯನ್ನು ನೋಡಿದೆ. ಎರಡರ ನಡುವೆ ದೊಡ್ಡ ಅಂತರ ಇರುವುದುಂಟು. ಬ್ಯಾಟರಿಯಲ್ಲಿ ನಡೆಯುವಾಗಲೂ ಶುದ್ಧ ಸೈನ್ ತರಂಗ (ಮನೆಯ ಲೈನಿನಂತೆಯೇ ನಯವಾಗಿ ಏರಿಳಿಯುವ ವಿದ್ಯುತ್) ಕೊಡುವ, ವೋಲ್ಟೇಜ್ ಏರಿಳಿತವನ್ನು ತಾನೇ ಸರಿಪಡಿಸುವ ಲೈನ್ ಇಂಟರ್‌ಆ್ಯಕ್ಟಿವ್ ಮಾದರಿಯನ್ನೇ ಕೊಂಡೆ. ಈಗಿನ ಪವರ್ ಸಪ್ಲೈಗಳಲ್ಲಿ ಕೆಲವು ಮೆಟ್ಟಿಲಾಕಾರದ ತರಂಗಕ್ಕೆ ಹೊಂದಿಕೊಳ್ಳದೆ, ವಿದ್ಯುತ್ ಹೋದ ಕ್ಷಣದಲ್ಲೇ ಆರಿಹೋಗುತ್ತವೆ. ಸೀಸ-ಆಮ್ಲ ಬ್ಯಾಟರಿಗೆ ಬಿಸಿ ದೊಡ್ಡ ಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಆದ್ದರಿಂದ ಯುಪಿಎಸ್ ಇರುವುದು ನೆಲದ ಹತ್ತಿರ, ತಂಪು ಗಾಳಿ ಒಳಬರುವ ಬದಿಯಲ್ಲಿ.

ಇನ್ನು ಗಾಳಿ. ನನ್ನ ಕೋಣೆಯೊಳಗಿನ ಗಾಳಿ ಸುಮಾರು 10 ಘನ ಮೀಟರ್. ಗೋಡೆಗಳು ಶಾಖವನ್ನು ಹೀರದಿದ್ದರೆ ಅಷ್ಟು ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು 400 ವ್ಯಾಟ್‌ಗೆ ಬರೀ 30 ಸೆಕೆಂಡ್ ಸಾಕು. ಗೋಡೆಗಳು ಹೀರುವುದರಿಂದ ಏರಿಕೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಹೊರಹೋಗುವ ಗಾಳಿ ಒಳಬರುವುದಕ್ಕಿಂತ 10 ಡಿಗ್ರಿ ಬಿಸಿ ಇರಬಹುದು ಎಂದು ಇಟ್ಟುಕೊಂಡರೆ, 400 ವ್ಯಾಟ್ ಸಾಗಿಸಲು ಗಂಟೆಗೆ ಸುಮಾರು 120 ಘನ ಮೀಟರ್ ಗಾಳಿ ಬೇಕು. ಫ್ಯಾನಿನ ಪೆಟ್ಟಿಗೆಯ ಮೇಲಿನ ಸಂಖ್ಯೆ ಅಡ್ಡಿಯಿಲ್ಲದ ಗಾಳಿಗೆ ಸಲ್ಲುವುದು. ದೂಳಿನ ಜಾಲರಿ, ಕೊಳವೆ ಸೇರಿದಾಗ ಅದು ತುಂಬಾ ಇಳಿಯುತ್ತದೆ. ಹಾಗಾಗಿ ದುಪ್ಪಟ್ಟು ಸಾಮರ್ಥ್ಯದ ಎಕ್ಸಾಸ್ಟ್ ಫ್ಯಾನ್ ಹಾಕಿ ನಿಧಾನವಾಗಿ ಓಡಿಸುತ್ತೇನೆ. ಫ್ಯಾನಿನ ವೇಗ ಅರ್ಧವಾದರೆ ಅದು ಬೇಡುವ ಶಕ್ತಿ ತಾತ್ವಿಕವಾಗಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದೂ ತಗ್ಗುತ್ತದೆ.

ಫ್ಯಾನಿಗಿಂತ ಹೆಚ್ಚಿನ ಫಲ ಕೊಟ್ಟದ್ದು ಗಾಳಿಯ ದಾರಿ. ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಇಟ್ಟ ಕಿಂಡಿ, ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್, ನಡುವೆ ಸರ್ವರ್‌ಗಳನ್ನು ಜೋಡಿಸಿದ ರ್‍ಯಾಕ್. ರ್‍ಯಾಕಿನ ಖಾಲಿ ಜಾಗಗಳನ್ನು ತಗಡಿನಿಂದ ಮುಚ್ಚಿದೆ. ಇಲ್ಲವಾದರೆ ಹಿಂದಿನ ಬಿಸಿ ಗಾಳಿ ಆ ಸಂದುಗಳಿಂದ ಮುಂದೆ ಬಂದು ಮತ್ತೆ ಸರ್ವರ್ ಒಳಗೇ ಹೋಗುತ್ತದೆ. ಥರ್ಮಾಮೀಟರ್ ಇಡಬೇಕಾದದ್ದು ಕೋಣೆಯ ಮಧ್ಯದಲ್ಲಲ್ಲ, ಸರ್ವರ್ ಗಾಳಿ ಎಳೆದುಕೊಳ್ಳುವ ಮುಂಭಾಗದಲ್ಲಿ. ಅಲ್ಲಿ 18ರಿಂದ 27 ಡಿಗ್ರಿ ಇರಲಿ ಎಂಬುದು ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಆಶ್ರೇ ಸಂಸ್ಥೆಯ ಶಿಫಾರಸು. ಕೋಣೆಯನ್ನು ನಡುಕ ಬರುವಷ್ಟು ತಣ್ಣಗಿಡುವ ಅಗತ್ಯವೇ ಇಲ್ಲ.

ಏರ್ ಕಂಡಿಷನರ್ ಬೇಕೇ? ಒಂದು ಟನ್ನಿನ ಯಂತ್ರ ಸುಮಾರು 3,500 ವ್ಯಾಟ್ ಶಾಖ ತೆಗೆಯಬಲ್ಲದು. ನನ್ನ ಹೊರೆಗೆ ಅದು ತೀರಾ ಹೆಚ್ಚು, ಕಂಪ್ರೆಸರ್ ಮೇಲಿಂದ ಮೇಲೆ ಆನ್ ಆಫ್ ಆಗಿ ಸವೆಯುತ್ತದೆ. ಎಕ್ಸಾಸ್ಟ್‌ಗೂ ಮಿತಿಯಿದೆ, ಒಳಬರುವ ಗಾಳಿಗಿಂತ ತಂಪನ್ನು ಅದು ಕೊಡಲಾರದು. ಹೀಗಾಗಿ ಸೆಕೆಯ ದಿನಗಳಲ್ಲಿ ಬ್ಯಾಕಪ್, ವಿಡಿಯೊ ಪರಿವರ್ತನೆಯಂಥ ಭಾರಿ ಕೆಲಸಗಳನ್ನು ರಾತ್ರಿಗೆ ಹಾಕುತ್ತೇನೆ.

ಎರಡೂ ಲೆಕ್ಕಗಳು ಕೂಡುವುದು ವಿದ್ಯುತ್ ಹೋದಾಗ. ಯುಪಿಎಸ್ ಸರ್ವರ್‌ಗಳನ್ನು ಉಳಿಸುತ್ತದೆ, ಆದರೆ ಫ್ಯಾನ್ ನಿಂತರೆ ಹೀಟರ್ ಮಾತ್ರ ಉಳಿದಂತೆ. ಅದಕ್ಕೇ ಎಕ್ಸಾಸ್ಟ್ ಫ್ಯಾನನ್ನೂ ಯುಪಿಎಸ್‌ಗೆ ಜೋಡಿಸಿದೆ. ಅದರ ಕೆಲವೇ ವ್ಯಾಟ್‌ಗಳಿಂದ ಬ್ಯಾಟರಿ ಸಮಯ ಹೆಚ್ಚೇನೂ ಕುಗ್ಗುವುದಿಲ್ಲ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶ ಯುಎಸ್‌ಬಿ ಮೂಲಕ ಯುಪಿಎಸ್‌ನ ಸ್ಥಿತಿಯನ್ನು ಓದುತ್ತದೆ. ಬ್ಯಾಟರಿ ಅರ್ಧಕ್ಕಿಳಿದಾಗ ಪ್ರಯೋಗದ ಯಂತ್ರಗಳು, ಇನ್ನೂ ಇಳಿದಾಗ ಡಿಸ್ಕ್‌ಗಳಿರುವ ಸರ್ವರ್, ಕೊನೆಗೆ ರೂಟರ್ ಕ್ರಮವಾಗಿ ಆರುತ್ತವೆ. ಇದೇ ಕ್ರಮವನ್ನು ತಾಪಮಾನಕ್ಕೂ ಹೊಂದಿಸಿದ್ದೇನೆ. ಮುಂಭಾಗದ ಗಾಳಿ 35 ಡಿಗ್ರಿ ಮುಟ್ಟಿದರೆ, ವಿದ್ಯುತ್ ಇದ್ದರೂ ಮೊದಲು ಆರಬೇಕಾದ ಪ್ರಯೋಗದ ಯಂತ್ರಗಳು ಮಲಗುತ್ತವೆ. ಆಗಾಗ ಯುಪಿಎಸ್‌ಗೆ ಬರುವ ಲೈನನ್ನು ಎಂಸಿಬಿಯಲ್ಲಿ ಆರಿಸಿ, ಎಲ್ಲವೂ ಹೇಳಿದ ಕ್ರಮದಲ್ಲೇ ಆರುತ್ತವೆಯೇ ಎಂದು ನಿಂತು ನೋಡುತ್ತೇನೆ.