ಮೇಲ್‌ನಲ್ಲಿ ಬಂದ ಲಿಂಕ್ ಅನ್ನು ಬಲದಿಂದ ಎಡಕ್ಕೆ ಓದಿ
ಟ್ಯಾಕ್ಸ್ ರೀಫಂಡ್ ಬಂದಿದೆ ಎಂಬ ಮೇಲ್ ಬಂದರೆ ಲಿಂಕ್ ಒತ್ತಬೇಡಿ. ಮೊಬೈಲ್‌ನಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ, ಪೂರ್ತಿ ವಿಳಾಸ ಕಾಣುತ್ತದೆ. ಶುರುವಿನ ಜೋಡಿ ಸ್ಲ್ಯಾಶ್ ಬಿಟ್ಟು ಮುಂದಿನ ಮೊದಲ ಸ್ಲ್ಯಾಶ್ ಹುಡುಕಿ, ಅಲ್ಲಿಂದ ಎಡಕ್ಕೆ ಓದಿ. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದು ಆ ಸ್ಲ್ಯಾಶ್‌ಗೆ ಮೊದಲು ಮುಗಿದಿದ್ದರೆ ಅದು ಆದಾಯ ತೆರಿಗೆ ಇಲಾಖೆಯದು. ಅದೇ ಹೆಸರು ಶುರುವಿನಲ್ಲಿದ್ದು, ಕೊನೆಗೆ ಇನ್ನೇನೋ ಡಾಟ್ ಕಾಮ್ ಇದ್ದರೆ ಮೋಸ. ಏಕೆಂದರೆ ಸೈಟ್ ಯಾರದ್ದು ಎಂದು ಹೇಳುವುದು ಆ ಕೊನೆಯ ಭಾಗ. ಅದರ ಎಡಕ್ಕೆ ಏನು ಬೇಕಾದರೂ ಸೇರಿಸಬಹುದು. ಗವ್ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ನಮ್ಮ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು, ಹಾಗಾಗಿ ಅಲ್ಲೂ ಇದೇ ಉಪಾಯ ನಡೆಯುತ್ತದೆ. ಆದರೆ ಚಿಕ್ಕದು ಮಾಡಿದ ಲಿಂಕ್, ಕ್ಯೂಆರ್ ಕೋಡ್, ಅಟ್ಯಾಚ್‌ಮೆಂಟ್ ಇದ್ದರೆ ಇದು ಸಾಲದು. ಕಳುಹಿಸಿದವರ ಹೆಸರು, ವಿಳಾಸ ನಂಬಿ ಸುಮ್ನೆ ಒತ್ತಬೇಡಿ, ಅವೆರಡನ್ನೂ ನಕಲಿ ಮಾಡಬಹುದು. ಅಂಥ ಹೊತ್ತಲ್ಲಿ ವಿಳಾಸ ನೀವೇ ಟೈಪ್ ಮಾಡಿ ಲಾಗಿನ್ ಆಗಿ ನೋಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಬೇಡ, ತಡವೂ ಬೇಡ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯ ಹಿರಿಯರಿಗೂ ಒಮ್ಮೆ ಕೂತು ತೋರಿಸಿಕೊಡಿ, ಪ್ಲೀಸ್.